ಆಟದಲ್ಲಿ ಗೆಲ್ಲುತ್ತಾರೆ, ವಾಚಕ ಕೊಟ್ಟರೆ ತಡವರಿಸುತ್ತಾರೆ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿವರೆಗೆ 28 ಮಕ್ಕಳು, ಒಂದೇ ಕೋಣೆ. ವಿಡಿಯೋಗಳನ್ನು ನೋಡಿ ನಾಲ್ಕು ಕಲಿಕಾ ಮೂಲೆ ಮಾಡಿದ್ದೇನೆ. ಒಂದರಲ್ಲಿ ಅಕ್ಷರ ಜೋಡಿಸುವ ಆಟ, ಇನ್ನೊಂದರಲ್ಲಿ ಚಿತ್ರದ ಬಿಂಗೊ, ಮತ್ತೊಂದರಲ್ಲಿ ಅಯಸ್ಕಾಂತದಿಂದ ಅಕ್ಷರದ ಮೀನು ಹಿಡಿಯುವ ಆಟ, ಕೊನೆಯದು ಓದುವ ಮೂಲೆ. ಮಕ್ಕಳು ಖುಷಿಯಾಗಿ ಆಡುತ್ತಾರೆ. ಆದರೆ ವಾಚಕ, ಅಂದರೆ ಓದುವ ಪುಸ್ತಕ, ಕೈಗೆ ಕೊಟ್ಟರೆ ತಡವರಿಸುತ್ತಾರೆ. ಮೂರನೇ ತರಗತಿಯ ಇಬ್ಬರಿಗೆ ಸರಳ ಪದವೂ ಬರುತ್ತಿಲ್ಲ. ಪೋಷಕರು ‘ಬರೀ ಆಟ ಆಡಿಸ್ತೀರಾ’ ಅಂತಾರೆ. ಆಟ ಬಿಟ್ಟು ಮೊದಲಿನ ಹಾಗೆ ದಿನಾ ಎರಡು ಪುಟ ಕಾಪಿ ಬರೆಸಲೇ?

ಉತ್ತರ: ನಮಸ್ತೆ ಮೇಡಂ. ಆಟ ಬಿಡಬೇಡಿ. ಆದರೆ ಈಗಿರುವ ಮೂರು ಆಟಗಳನ್ನೂ ಇದ್ದ ಹಾಗೇ ಮುಂದುವರಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾಳೆ ತರಗತಿಯಲ್ಲಿ ಒಂದು ಕೆಲಸ ಮಾಡಿ. ಒಂದು ಆಟದ ಪಕ್ಕ ಸುಮ್ನೆ ಕೂತು, ಒಂದೇ ಮಗುವನ್ನು 15 ನಿಮಿಷ ನೋಡಿ. ಆ ಮಗು ಅಷ್ಟು ಹೊತ್ತಿನಲ್ಲಿ ಎಷ್ಟು ಸಲ ಅಕ್ಷರವನ್ನು ನೋಡಿ ಬಾಯಲ್ಲಿ ಓದಿತು ಅಂತ ಗೆರೆ ಎಳೆದು ಎಣಿಸಿ. ಮೀನು ಹಿಡಿಯುವ ಆಟದಲ್ಲಿ ಏಳು ಮಕ್ಕಳಿದ್ದು ಗಾಳ ಒಂದೇ ಇದ್ದರೆ, ಒಬ್ಬೊಬ್ಬರ ಸರದಿ ಬರುವುದು ಮೂರು ನಾಲ್ಕು ಸಲ. ಆ ಸರದಿಯಲ್ಲೂ ಅಯಸ್ಕಾಂತಕ್ಕೆ ಮೀನು ಅಂಟಿಸುವುದರಲ್ಲೇ ಅವರ ಮನಸ್ಸೆಲ್ಲಾ ಇರುತ್ತದೆ. ಅಂಟಿತು, ಬುಟ್ಟಿಗೆ ಹಾಕಿತು, ಚಪ್ಪಾಳೆ. ಮೀನಿನ ಮೇಲಿದ್ದದ್ದು ‘ಗ’ನೋ ‘ಸ’ನೋ ಯಾರಿಗೂ ಬೇಕಾಗಿಲ್ಲ.

ಅಕ್ಷರ ಜೋಡಿಸುವ ಆಟದಲ್ಲೂ ಇದೇ ಆಗುತ್ತಿರಬೇಕು. ‘ಕ’ ಕಾರ್ಡಿಗೆ ಇನ್ನೊಂದು ‘ಕ’ ಕಾರ್ಡು ಜೋಡಿಸುವುದು ಕಣ್ಣಿನ ಕೆಲಸ. ಅಕ್ಷರದ ಬದಲು ಎಲೆ, ಕೀ, ಚಮಚದ ಚಿತ್ರ ಕೊಟ್ಟರೂ ಮಗು ಅಷ್ಟೇ ಚೆನ್ನಾಗಿ ಜೋಡಿಸುತ್ತದೆ. ಚಿತ್ರದ ಬಿಂಗೊದಲ್ಲಿ ‘ಮರ’ ಅಂದ ತಕ್ಷಣ ಮಗು ಹುಡುಕುವುದು ಮರದ ಚಿತ್ರವನ್ನು. ಕೆಳಗೆ ಬರೆದ ಪದದ ಕಡೆ ಕಣ್ಣು ಹೋಗುವುದೇ ಇಲ್ಲ. ಯಾಕೆ ಹೋಗಬೇಕು ಹೇಳಿ? ಅದಿಲ್ಲದೇ ಗೆಲ್ಲಬಹುದಲ್ವಾ.

ನನ್ನ ಇಷ್ಟು ವರ್ಷದ ಅನುಭವದಲ್ಲಿ ನಾನು ನೆಚ್ಚಿಕೊಂಡಿರುವ ಅಳತೆ ಇದೊಂದೇ: ಓದದೇ ಗೆಲ್ಲಬಹುದಾದ ಆಟ ಓದು ಕಲಿಸುವುದಿಲ್ಲ. ಕಾಪಿ ಬರೆಸುವುದಕ್ಕೂ ಇದೇ ಮಾತು. ‘ಬಸವ’ ಅಂತ ಮೊದಲ ಸಾಲಿನಲ್ಲಿ ಬರೆದುಕೊಟ್ಟರೆ ಮಗು ಮೊದಲು ಹತ್ತು ಸಲ ‘ಬ’ ಬರೆಯುತ್ತದೆ, ಆಮೇಲೆ ಅದರ ಪಕ್ಕ ಮೇಲಿಂದ ಕೆಳಕ್ಕೆ ಹತ್ತು ‘ಸ’, ಆಮೇಲೆ ಹತ್ತು ‘ವ’. ನೀವೂ ನೋಡಿರುತ್ತೀರಿ. ಪುಟ ತುಂಬಿತು, ಅಕ್ಷರ ದುಂಡಗಿದೆ, ಆದರೆ ‘ಬಸವ’ ಅನ್ನುವ ಪದವನ್ನು ಆ ಮಗು ಒಂದು ಸಲವೂ ಓದಲಿಲ್ಲ. ಹಾಗಾಗಿ ಆಟದಿಂದ ಕಾಪಿಗೆ ಹೋದರೆ ಪೋಷಕರಿಗೆ ಸಮಾಧಾನ ಆಗಬಹುದು, ಮಕ್ಕಳ ಓದು ಮುಂದಕ್ಕೆ ಹೋಗುವುದಿಲ್ಲ.

ಈಗ ಆಟಗಳನ್ನು ರಿಪೇರಿ ಮಾಡೋಣ. ಹೊಸ ಸಾಮಾನು ಏನೂ ಬೇಡ.

ಬಿಂಗೊ ಕಾರ್ಡಿನಿಂದ ಚಿತ್ರ ತೆಗೆದುಬಿಡಿ, ಪದ ಮಾತ್ರ ಇರಲಿ. ಒಂದು ಮಗು ಪದ ಕೂಗಲಿ, ಉಳಿದವರು ತಮ್ಮ ಕಾರ್ಡಿನಲ್ಲಿ ಹುಡುಕಿ ಹುಣಸೆ ಬೀಜ ಇಡಲಿ. ಬೇಕಂತಲೇ ಹತ್ತಿರದ ಪದಗಳನ್ನು ಹಾಕಿ: ಸರ, ರಸ, ದರ, ಅರಸ, ಅಗಸ. ಮೊದಲಕ್ಷರ ನೋಡಿ ಊಹೆ ಮಾಡುವ ಮಗು ಇಲ್ಲಿ ಸಿಕ್ಕಿಬೀಳುತ್ತದೆ, ಕೊನೆವರೆಗೆ ಓದಲೇಬೇಕಾಗುತ್ತದೆ. ಜೋಡಿಸುವ ಆಟದಲ್ಲಿ ಒಂದು ಕಡೆ ಪದ, ಇನ್ನೊಂದು ಕಡೆ ಚಿತ್ರ ಇರಲಿ, ಚಿತ್ರದ ಕೆಳಗೆ ಹೆಸರು ಬೇಡ. ಸರಿಯೋ ತಪ್ಪೋ ಅಂತ ಮಕ್ಕಳೇ ನೋಡಿಕೊಳ್ಳಲು ಚಿತ್ರದ ಕಾರ್ಡಿನ ಹಿಂಬದಿಯಲ್ಲಿ ಸಣ್ಣದಾಗಿ ಪದ ಬರೆದಿಡಿ. ಹಳೇ ಮದುವೆ ಕಾಗದಗಳು ಇದಕ್ಕೆ ಬಹಳ ಚೆನ್ನಾಗಿ ಬರುತ್ತವೆ, ದಪ್ಪ ಇರುತ್ತವೆ, ಬೇಗ ಮಡಚಿಕೊಳ್ಳುವುದಿಲ್ಲ. ಮೀನಿನ ಆಟವನ್ನು ಮಾತ್ರ ನಾನಾದರೆ ತೆಗೆದುಹಾಕುತ್ತೇನೆ. ಇಟ್ಟುಕೊಳ್ಳಲೇಬೇಕು ಅನ್ನಿಸಿದರೆ ಇಬ್ಬಿಬ್ಬರಿಗೆ ಒಂದು ಗಾಳ ಮಾಡಿ, ಓದಿದ ಮೀನು ಮಾತ್ರ ಓದಿದವರ ಬುಟ್ಟಿಗೆ ಅಂತ ನಿಯಮ ಮಾಡಿ.

ಇಬ್ಬಿಬ್ಬರು ಅನ್ನುವುದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಏಳು ಜನರ ಆಟದಲ್ಲಿ ಆರು ಜನ ಕಾಯುತ್ತಿರುತ್ತಾರೆ. ಕಾಯುವ ಮಗು ಗಲಾಟೆ ಮಾಡುತ್ತದೆ, ಅದು ಸಹಜ. ಜೋಡಿಯಲ್ಲಿ ಆಡಿಸಿದರೆ ಅದೇ ಹೊತ್ತಿನಲ್ಲಿ ಓದುವ ಸಲಗಳು ಎಷ್ಟೋ ಪಟ್ಟು ಜಾಸ್ತಿ ಆಗುತ್ತವೆ, ಗಲಾಟೆಯೂ ಇಳಿಯುತ್ತದೆ.

ನನಗೆ ತುಂಬಾ ಇಷ್ಟವಾದ, ಎಲ್ಲ ಮಟ್ಟದ ಮಕ್ಕಳಿಗೂ ಒಗ್ಗುವ ಆಟ ಚೌಕಾಬಾರ. ಐದೈದು ಮನೆಯ ಚೌಕ, ಒಟ್ಟು 25 ಮನೆ. ಗೆರೆ ಹಾಕಿದ ಐದು ಮನೆ ಬಿಟ್ಟರೆ 20 ಉಳಿಯುತ್ತವೆ. ಆ 20ರಲ್ಲಿ ಅಕ್ಷರವೋ ಪದವೋ ಬರೆಯಿರಿ. ನಾಲ್ಕು ಕವಡೆ, ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆ ಬೀಜ. ಕಾಯಿ ಯಾವ ಮನೆಗೆ ಬಂತೋ ಅದನ್ನು ಓದಿದರೆ ಅಲ್ಲಿ ನಿಲ್ಲಬಹುದು. ಬರದಿದ್ದರೆ ಜೊತೆಗಾರ ಹೇಳಿಕೊಡಬೇಕು, ಕೇಳಿಸಿಕೊಂಡು ತಿರುಗಿ ಹೇಳಿ, ಕಾಯಿ ಹಿಂದಿನ ಮನೆಗೆ ಹೋಗುತ್ತದೆ. ನಿಮ್ಮ ಮಕ್ಕಳಿಗೆ ಈ ಆಟದ ನಿಯಮ ಮನೆಯಲ್ಲೇ ಗೊತ್ತಿರುತ್ತದೆ, ಹೇಳಿಕೊಡುವ ಕೆಲಸವೇ ಇಲ್ಲ. ಒಂದನೇ ತರಗತಿಯ ಹಲಗೆಯಲ್ಲಿ ರ, ಗ, ಸ, ದ, ಅ. ಎರಡನೆಯವರ ಹಲಗೆಯಲ್ಲಿ ಕಾಗುಣಿತ. ಮೂರನೆಯವರದರಲ್ಲಿ ಒತ್ತಕ್ಷರದ ಪದ. ಆಟ ಒಂದೇ, ಹಲಗೆ ಬೇರೆ. ವಾರಕ್ಕೊಂದು ಹೊಸ ಆಟ ತರುವ ಶಿಕ್ಷಕರನ್ನು ಬಹಳ ನೋಡಿದ್ದೇನೆ. ಪಾಪ, ರಾತ್ರಿಯೆಲ್ಲಾ ಕೂತು ಕತ್ತರಿಸಿ ಅಂಟಿಸಿರುತ್ತಾರೆ. ಆದರೆ ಮಕ್ಕಳ ಅರ್ಧ ವಾರ ನಿಯಮ ತಿಳಿದುಕೊಳ್ಳುವುದರಲ್ಲೇ ಕಳೆಯುತ್ತದೆ. ಮೂರು ನಾಲ್ಕು ಆಟ ಇಟ್ಟುಕೊಳ್ಳಿ, ವರ್ಷವಿಡೀ ಅವೇ ಇರಲಿ, ಒಳಗಿನ ಅಕ್ಷರ ಮಾತ್ರ ಬದಲಾಗಲಿ.

ಇನ್ನು ವಿಡಿಯೋಗಳ ವಿಷಯ. ನೀವು ನೋಡಿದ ಹೆಚ್ಚಿನವು ಇಂಗ್ಲಿಷ್ ಓದು ಕಲಿಸುವ ತರಗತಿಗಳದ್ದು ಇರಬೇಕು. ಆ ಆಟಗಳನ್ನು ಹಾಗೇ ಕನ್ನಡಕ್ಕೆ ತಂದರೆ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ, ಒಂದೊಂದೇ ಸದ್ದನ್ನು ಬಿಡಿಸಿ ಕಲಿಸುತ್ತಾರೆ. ನಮ್ಮಲ್ಲಿ ಮೂಲಾಕ್ಷರವೇ 49. ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತು. 34 ವ್ಯಂಜನಕ್ಕೂ ಕಾಗುಣಿತ ಹಚ್ಚಿದರೆ ನಾನೂರು ದಾಟುತ್ತದೆ. ಮತ್ತೆ ಕನ್ನಡದ ಮಗು ಪದವನ್ನು ಕೇಳಿಸಿಕೊಳ್ಳುವುದೇ ಅಕ್ಷರ ಅಕ್ಷರವಾಗಿ. ‘ಕಮಲ’ ಅಂದರೆ ಕ-ಮ-ಲ, ಮೂರು ಚಪ್ಪಾಳೆ. ‘ಕ’ವನ್ನು ಒಡೆದು ‘ಕ್’ ಮತ್ತು ‘ಅ’ ಅಂತ ಕೇಳಿಸಿಕೊಳ್ಳುವುದು ಐದಾರು ವರ್ಷದ ಮಗುವಿಗೆ ಕಷ್ಟ. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಂಡದ್ದು ಇದೇ. ಬಿಡಿ ಸದ್ದಿನ ಅರಿವು ಇಲ್ಲಿನ ಮಕ್ಕಳಲ್ಲಿ ನಿಧಾನವಾಗಿ ಬರುತ್ತದೆ, ಅಕ್ಷರಗಳನ್ನೆಲ್ಲಾ ಕಲಿಯಲು ಇಂಗ್ಲಿಷಿನಂಥ ಭಾಷೆಯ ಮಕ್ಕಳಿಗಿಂತ ಬಹಳ ಜಾಸ್ತಿ ಕಾಲ ಹಿಡಿಯುತ್ತದೆ. ಎರಡನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲಾ ಬರಲೇಬೇಕು ಅಂತ ನಿಮ್ಮನ್ನು ನೀವು ಹಿಂಡಿಕೊಳ್ಳಬೇಡಿ, ಮಕ್ಕಳನ್ನೂ ಹಿಂಡಬೇಡಿ.

ನಮ್ಮ ಭಾಷೆಯ ಒಳಗೇ ಇರುವ ಆಟಗಳು ಬೇಕಾದಷ್ಟಿವೆ. ಮಕ್ಕಳ ಗುಟ್ಟಿನ ‘ಕ ಭಾಷೆ’ ಗೊತ್ತಲ್ವಾ, ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಮಾತಾಡುವುದು? ‘ನಾನು’ ಅನ್ನುವುದಕ್ಕೆ ‘ಕನಾಕನು’. ಇದನ್ನು ಆಡಬಲ್ಲ ಮಗುವಿಗೆ ಪದವನ್ನು ಅಕ್ಷರವಾಗಿ ಬಿಡಿಸಲು ಬಂತು ಅಂತಲೇ ಅರ್ಥ. ಬರದ ಮಗು ಯಾವುದು ಅಂತ ಎರಡು ನಿಮಿಷದಲ್ಲಿ ನಿಮಗೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ಇದೆ. ಇದನ್ನು ನಾನು ಹೋದ ಕಡೆಯೆಲ್ಲಾ ಹೇಳುತ್ತೇನೆ. ಎರಡನೇ ತರಗತಿಯ ಒಬ್ಬ ಹುಡುಗಿಗೆ ‘ಕಿ’ಗೂ ‘ಕೀ’ಗೂ ವ್ಯತ್ಯಾಸ ಹತ್ತುತ್ತಲೇ ಇರಲಿಲ್ಲ. ಹ್ರಸ್ವ, ದೀರ್ಘ ಅಂತ ಎಷ್ಟು ಹೇಳಿದರೂ ಸುಮ್ಮನೆ ತಲೆ ಆಡಿಸುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಅವಳೇ ‘ಊಟಗೀಟ ಆಯ್ತಾ ಸಾರ್’ ಅಂದಳು. ತಕ್ಷಣ ನನಗೆ ಹೊಳೆಯಿತು. ‘ಮನೆ’ಗೆ ಏನಂತೀಯ ಅಂದೆ. ‘ಮನೆಗಿನೆ’. ‘ಶಾಲೆ’ಗೆ? ‘ಶಾಲೆಗೀಲೆ’. ‘ಬಸ್ಸು’? ‘ಬಸ್ಸುಗಿಸ್ಸು’. ‘ಕಾಫಿ’? ‘ಕಾಫಿಗೀಫಿ’. ಒಂದೂ ತಪ್ಪಲಿಲ್ಲ! ಮೊದಲಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಅವಳ ಕಿವಿಗೆ ಅದು ಯಾವತ್ತೋ ಗೊತ್ತಿತ್ತು, ನಾವು ಕರೆದ ಹೆಸರು ಮಾತ್ರ ಗೊತ್ತಿರಲಿಲ್ಲ. ಅವತ್ತು ನೆಲದ ಮೇಲೆ ಎರಡು ಗುಡಿಸಲು ಬರೆದೆವು, ಒಂದು ‘ಗಿ ಮನೆ’, ಇನ್ನೊಂದು ‘ಗೀ ಮನೆ’. ಪದದ ಕಾರ್ಡು ಓದಿ, ಜೋಡಿಪದ ಹೇಳಿ, ಸರಿಯಾದ ಮನೆಗೆ ಹಾಕುವುದು. ಎರಡು ವಾರದಲ್ಲಿ ಅವಳ ಬರವಣಿಗೆಯಲ್ಲೂ ದೀರ್ಘ ಬರತೊಡಗಿತು. ನಿಮ್ಮ ತರಗತಿಯಲ್ಲೂ ಇದನ್ನು ಮಾಡಿಸಿ, ಖರ್ಚೇನಿಲ್ಲ.

ಹಾಗೇ ‘ಕಲ್ಲು, ಹಲ್ಲು, ಬಿಲ್ಲು, ಹುಲ್ಲು’, ‘ಹಣ್ಣು, ಕಣ್ಣು, ಮಣ್ಣು’. ಎರಡನೇ ಅಕ್ಷರ ಒಂದೇ ಇಟ್ಟುಕೊಂಡು ಮೊದಲನೆಯದನ್ನು ಬದಲಿಸುವುದು ನಮ್ಮ ಕಾವ್ಯದ ಆದಿಪ್ರಾಸದ ದಾರಿಯೇ. ‘ಲ್ಲು’ ಬರೆದ ಒಂದು ಕಾರ್ಡು ಇಟ್ಟು, ಅದರ ಮುಂದೆ ಬೇರೆ ಬೇರೆ ಅಕ್ಷರ ಇಟ್ಟು ಓದಿಸಿ. ಅರ್ಥ ಬರದ ಪದ ಆದರೆ ಮಕ್ಕಳು ನಗುತ್ತಾರೆ. ನಗಲಿ, ನಗಬೇಕಾದರೆ ಮೊದಲು ಓದಿರಬೇಕು ತಾನೇ. ಪದಬಂಡಿಯನ್ನೂ ಆಡಿಸಿ, ಬಾಯಲ್ಲಿ ಬೇಡ, ಬರೆದ ಕಾರ್ಡಿನಲ್ಲಿ. ಮರ, ರಸ, ಸರ ಅಂತ ಬಂಡಿ ಬೆಳೆಯಲಿ. ‘ಬಾಳೆ’ ಬಂದರೆ ಬಂಡಿ ನಿಲ್ಲುತ್ತದೆ, ಯಾಕೆಂದರೆ ‘ಳ’ದಿಂದ ಶುರುವಾಗುವ ಕನ್ನಡ ಪದ ಇಲ್ಲ, ‘ಣ’ದ್ದೂ ಅದೇ ಪಾಡು. ಅಂಥ ಪದ ಇಟ್ಟವರಿಗೆ ಒಂದು ಬೀಜ ಜಾಸ್ತಿ ಕೊಡಿ, ಹೊಸ ಬಂಡಿ ಶುರು ಮಾಡಿ.

ಕಾಗುಣಿತದ ಬಗ್ಗೆ ಒಂದು ಎಚ್ಚರಿಕೆ. ‘ಕ, ಕಾ, ಕಿ, ಕೀ’ ಅಂತ ರಾಗವಾಗಿ ಹೇಳುವ ಮಗುವಿಗೆ ಕಾಗುಣಿತ ಬಂತು ಅಂದುಕೊಳ್ಳಬೇಡಿ. ನಡುವಿನಿಂದ ‘ಮು’ ತೋರಿಸಿ ಕೇಳಿ. ಮೊದಲಿನಿಂದ ಹೇಳಿಕೊಂಡು ಬಂದು ‘ಮು’ ಹತ್ತಿರ ನಿಂತರೆ ಅದು ಹಾಡು, ಓದಲ್ಲ. ಕೆಲವು ಅಕ್ಷರಗಳನ್ನು ಹತ್ತಿರದಿಂದ ತೋರಿಸಲೇಬೇಕು. ‘ಕು’ದಲ್ಲಿ ಕೊಂಬು ಪಕ್ಕಕ್ಕೆ ಬರುತ್ತದೆ. ‘ಪು’, ‘ವು’ದಲ್ಲಿ ಕೆಳಕ್ಕೆ ಇಳಿಯುತ್ತದೆ. ‘ವ’ ಪಕ್ಕಕ್ಕೇ ಕೊಂಬು ಹಾಕಿದರೆ ಅದು ‘ಮ’ದ ಥರ ಕಾಣುತ್ತದೆ. ನೀವೇ ಹಲಗೆಯ ಮೇಲೆ ಬರೆದು ತೋರಿಸಿ, ಮಕ್ಕಳ ಕಣ್ಣು ಅರಳುತ್ತದೆ. ವ, ಪ, ಮ, ಷ ಈ ನಾಲ್ಕನ್ನು ಒಂದೇ ವಾರ ಹೊಸದಾಗಿ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಗಟ್ಟಿಯಾದ ಮೇಲೆ ಬೇಕಾದರೆ ನಾಲ್ಕನ್ನೂ ಒಂದೇ ಚೌಕಾಬಾರದ ಹಲಗೆಗೆ ಹಾಕಿ, ಬೆರೆಸಿ ಆಡಿಸಿ.

ಒತ್ತಕ್ಷರ ಕೊನೆಗೆ ಬರುತ್ತದೆ ಅಂತ ಕಾಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮಗು ಮೊದಲು ಕಲಿಯುವ ಮಾತುಗಳನ್ನೇ ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ, ಬೆಲ್ಲ, ಬೆಕ್ಕು. ಎಲ್ಲದರಲ್ಲೂ ಒತ್ತು! ಮಗುವಿನ ಬಾಯಲ್ಲಿ ದಿನಾ ಇರುವ ಪದಗಳನ್ನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆಯದೇ ಇದ್ದರೆ, ಓದು ಅಂದರೆ ತನಗೆ ಸಂಬಂಧವಿಲ್ಲದ ‘ಗರಗಸ’, ‘ಸರಸರ’ ಅಂತಲೇ ಮಗು ತಿಳಿಯುತ್ತದೆ. ಹಾಗಾಗಿ ಮೊದಲ ತಿಂಗಳಿಂದಲೇ ಹತ್ತು ಹನ್ನೆರಡು ಇಂಥ ಪದಗಳನ್ನು, ಜೊತೆಗೆ 28 ಮಕ್ಕಳ ಹೆಸರನ್ನು ಗೋಡೆಗೆ ಅವರ ಕಣ್ಣಿನ ಎತ್ತರಕ್ಕೆ ಹಾಕಿ. ಇಡೀ ಪದವಾಗಿ ಗುರುತಿಸಲಿ, ಒತ್ತಿನ ವಿವರ ಆಮೇಲೆ ಬರಲಿ. ಬಸ್ಸಿನ ಬೋರ್ಡು, ‘ನಂದಿನಿ’ ಹಾಲಿನ ಪ್ಯಾಕೆಟ್ಟು ಕೂಡ ಗೋಡೆಗೆ ಬರಬಹುದು.

ನಿಮ್ಮ ಕಡೆ ಮಾತಿನಲ್ಲಿ ‘ಹ’ ಬೀಳುವುದು ಸಾಮಾನ್ಯ ಅಲ್ವಾ. ‘ಹಕ್ಕಿ’ ಅಂತ ಬರೆದದ್ದನ್ನು ಮಗು ‘ಅಕ್ಕಿ’ ಅಂತ ಓದುತ್ತದೆ. ಅಲ್ಲೇ ತಡೆದು ಬೈದರೆ ಮಗು ಬಾಯಿ ಮುಚ್ಚಿಬಿಡುತ್ತದೆ. ‘ಅದು ಹಾರುತ್ತಾ, ಅನ್ನ ಆಗುತ್ತಾ?’ ಅಂತ ಕೇಳಿ. ‘ಹಾರುತ್ತೆ’ ಅಂದರೆ ಅದು ಸರಿಯಾಗೇ ಓದಿದೆ, ಮನೆಯ ಮಾತಿನಲ್ಲಿ ಹೇಳಿದೆ ಅಷ್ಟೇ. ‘ಅನ್ನ ಆಗುತ್ತೆ’ ಅಂದರೆ ಆಗ ‘ಹ’ ತೋರಿಸಿ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿದ್ದರೆ ಆಟಕ್ಕೆ ಮೊದಲು ಚಿತ್ರ ತೋರಿಸಿ ಪದ ಹೇಳಿಸಿ. ಅರ್ಥ ಗೊತ್ತಿಲ್ಲದ ಪದವನ್ನು ಕೂಡಿಸಿ ಓದಿದರೂ ಅದು ಸರಿಯಿದೆಯಾ ಅಂತ ತಿಳಿಯಲು ಆ ಮಗುವಿಗೆ ದಾರಿಯೇ ಇರುವುದಿಲ್ಲ.

ಈಗ ಮೂಲೆಗಳ ಮಾತು. ನೀವು ವಿಡಿಯೋದಲ್ಲಿ ನೋಡಿ ಮಾಡಿದ್ದು ನಲಿ-ಕಲಿಗೆ ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದದ್ದೇ, ಆಂಧ್ರದ ರಿಷಿವ್ಯಾಲಿಯ ಬಹುವರ್ಗ ಬೋಧನೆಯನ್ನು (ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವುದನ್ನು) ನೋಡಿ ಬಂದ ನಮ್ಮ ಶಿಕ್ಷಕರಿಂದ. ನಲಿ-ಕಲಿಯಲ್ಲಿ ಮಕ್ಕಳ ಗುಂಪುಗಳನ್ನು ಗುರುತಿಸುವ ತಟ್ಟೆಗಳು ಇರುವುದು ಯಾಕೆ? ಶಿಕ್ಷಕರ ನೆರವಿನ ಗುಂಪು, ಗೆಳೆಯರ ನೆರವಿನ ಗುಂಪು, ಸ್ವಕಲಿಕೆಯ ಗುಂಪು ಅಂತ ಮಾಡಿದ್ದು ಶಿಕ್ಷಕರು ಒಂದು ಚಿಕ್ಕ ಗುಂಪಿನ ಜೊತೆ ನೆಮ್ಮದಿಯಾಗಿ ಕೂರಲಿ ಅಂತ. ಅದೇ ಮುಖ್ಯ. ನಿಮ್ಮ ನಾಲ್ಕು ಮೂಲೆಯಲ್ಲಿ ನೀವು ಕೂರುವ ಮೂಲೆ ಯಾವುದು? ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ. ನಾಲ್ಕೂ ಕಡೆ ಓಡಾಡಿ ಗಲಾಟೆ ನಿಲ್ಲಿಸುವುದರಲ್ಲೇ ನಿಮ್ಮ ಹೊತ್ತು ಹೋಗುತ್ತಿದೆ ಅಂತ ನನ್ನ ಊಹೆ.

ಹೀಗೆ ಮಾಡಿ ನೋಡಿ. ಮೊದಲನೇ ಚಾಪೆ ನಿಮ್ಮದು, ಏಳು ಮಕ್ಕಳು. ಎರಡನೆಯದು ಆಟದ ಚಾಪೆ. ಮೂರನೆಯದು ಗೋಡೆಯ ಕಪ್ಪುಹಲಗೆ, ಬರೆಯುವ ಜಾಗ. ನಾಲ್ಕನೆಯದು ಓದುವ ಮೂಲೆ. 15 ನಿಮಿಷಕ್ಕೊಂದು ಬದಲಾವಣೆ, ಒಂದು ಗಂಟೆಯಲ್ಲಿ 28 ಮಕ್ಕಳೂ ನಿಮ್ಮ ಪಕ್ಕ ಕೂತು ಎದ್ದಿರುತ್ತಾರೆ. ನಿಮ್ಮ ಚಾಪೆಯಲ್ಲಿ ಹೊಸ ಅಕ್ಷರ, ಜೋರಾಗಿ ಓದಿಸುವುದು, ಯಾರಿಗೆ ಎಲ್ಲಿ ತೊಡಕು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು. ಒಂದು ಮಾತು ಮಾತ್ರ ಗಟ್ಟಿ ಹಿಡಿಯಿರಿ: ನಿಮ್ಮ ಚಾಪೆಯಲ್ಲಿ ಕಲಿಯದ ಅಕ್ಷರ ಆಟದ ಚಾಪೆಗೆ ಹೋಗಬಾರದು. ಆಟ ಇರುವುದು ಕಲಿತದ್ದನ್ನು ಮತ್ತೆ ಮತ್ತೆ ಓದಿ ಸಲೀಸು ಮಾಡಿಕೊಳ್ಳುವುದಕ್ಕೆ. ಮೊದಲ ಎರಡು ವಾರ ಓದು ಪಕ್ಕಕ್ಕಿಡಿ. ಎದ್ದು ಹೋಗುವುದು, ಸಾಮಾನು ಡಬ್ಬಿಗೆ ಹಾಕುವುದು, ಮೇಡಂ ಚಾಪೆಯಲ್ಲಿ ಇದ್ದಾಗ ಯಾರನ್ನು ಕೇಳುವುದು ಇಷ್ಟನ್ನೇ ರೂಢಿ ಮಾಡಿಸಿ. ಆ ಎರಡು ವಾರ ದಂಡ ಅನ್ನಿಸುತ್ತದೆ. ದಂಡ ಅಲ್ಲ.

ಬರೆಯುವ ಜಾಗದಲ್ಲಿ ಕಾಪಿ ಬೇಡ. ಒಬ್ಬರು ಪದ ಹೇಳಲಿ, ಇನ್ನೊಬ್ಬರು ಕೇಳಿ ಬರೆಯಲಿ, ಆಮೇಲೆ ಕಾರ್ಡು ನೋಡಿ ಸರಿಮಾಡಿಕೊಳ್ಳಲಿ. ಪೋಷಕರು ಬಂದಾಗ ಇದನ್ನೇ ತೋರಿಸಿ. ಅವರ ಎದುರಿಗೇ ಮಗು ಮನೆಯವರ ಹೆಸರನ್ನು ಕೇಳಿ ಬರೆದರೆ ‘ಬರೀ ಆಟ’ ಅನ್ನುವ ಮಾತು ತಾನಾಗೇ ಕಡಿಮೆಯಾಗುತ್ತದೆ. ಓದುವ ಮೂಲೆಯಲ್ಲಿ ಪುಸ್ತಕ ಕಪಾಟಿನೊಳಗೆ ಇರದೆ ಹಗ್ಗದ ಮೇಲೆ, ಮುಖ ಕಾಣುವ ಹಾಗೆ ಇರಲಿ. ಹರಿದರೆ ಅಂಟಿಸೋಣ. ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಮಟ್ಟಕ್ಕೆ ತಕ್ಕ ಹಾಗೆ ವಿಂಗಡಿಸಿದ್ದಾರೆ, ಮುದ್ರಿಸಿಕೊಳ್ಳಬಹುದು. ಮತ್ತು ದಿನಾ ಹತ್ತು ನಿಮಿಷ, ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ನೀವೇ ಒಂದು ಕಥೆ ಓದಿ ಹೇಳಿ. ಪುಸ್ತಕ ಕೈಯಲ್ಲಿ ಹಿಡಿದು, ಸಾಲಿನ ಕೆಳಗೆ ಬೆರಳು ಓಡಿಸಿ. ಎಷ್ಟೇ ಕೆಲಸವಿದ್ದರೂ ಇದನ್ನು ತಪ್ಪಿಸಬೇಡಿ. ಕೂಡಿಸಿ ಓದುವ ಕಷ್ಟ ಯಾತಕ್ಕೆ ಅಂತ ಮಗುವಿಗೆ ಗೊತ್ತಾಗುವುದು ಕಥೆಯಿಂದಲೇ.

ಮೂರನೇ ತರಗತಿಯ ಆ ಇಬ್ಬರು ಮಕ್ಕಳ ಬಗ್ಗೆ ನನಗೆ ಜಾಸ್ತಿ ಕಾಳಜಿ. ಅವರನ್ನು ಒಂದನೆಯವರ ಜೊತೆ ಕೂರಿಸಿದರೆ ಅವಮಾನ ಆಗುತ್ತದೆ, ಮೂರನೆಯವರ ಜೊತೆ ಕೂರಿಸಿದರೆ ಏನೂ ಬರುವುದಿಲ್ಲ. ಅವರನ್ನು ಆಟದ ಸಾಮಾನು ಮಾಡುವವರನ್ನಾಗಿ ಮಾಡಿ. ಬೆಳಿಗ್ಗೆ ಹತ್ತು ನಿಮಿಷ ಮೊದಲು ಬರಲಿ. ಆ ದಿನ ಚಿಕ್ಕವರ ಹಲಗೆಗೆ ಯಾವ ಅಕ್ಷರ ಬರಬೇಕೋ ಅದನ್ನು ನೀವು ಅವರಿಗೆ ಹೇಳಿ, ಅವರು ಕೇಳಿ ಬರೆಯಲಿ, ಬರೆದದ್ದನ್ನು ನಿಮಗೆ ಓದಿ ತೋರಿಸಲಿ. ಆಮೇಲೆ ಬಿಂಗೊದಲ್ಲಿ ಪದ ಕೂಗುವವರು ಅವರೇ. ಚಿಕ್ಕವರ ಮುಂದೆ ಅವರು ದೊಡ್ಡವರು, ಓದುತ್ತಿರುವುದು ಮಾತ್ರ ಅವರಿಗೆ ಬೇಕಾದ ಅಕ್ಷರವನ್ನೇ. ಮೊದಲು ಇಬ್ಬರಿಗೂ ಯಾವ ಅಕ್ಷರ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಕ್ರಮ ತಪ್ಪಿಸಿ ಕೇಳಿ ಒಂದು ಪಟ್ಟಿ ಮಾಡಿ. ಒಂದು ತಿಂಗಳಾದ ಮೇಲೆ ಅದೇ ಪಟ್ಟಿ ಇಟ್ಟುಕೊಂಡು ಮತ್ತೆ ಕೇಳಿ. ಪಟ್ಟಿ ಒಂಚೂರೂ ಅಲುಗದಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. ಆಮೇಲೆ ಎರಡೂ ಪಟ್ಟಿಗಳನ್ನು ನನಗೆ ಕಳಿಸಿ, ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಒಟ್ಟಿಗೆ ನೋಡೋಣ.